ಅಮೆರಿಕದ ಹಳ್ಳಿ ಕೌಂಟಿಯಲ್ಲಿ ಮನೆ: ನಕ್ಷೆ ತೋರಿಸದ ನೆರೆ, ಪಾಲಿಸಿ ಕೊಡದ ದುಡ್ಡು

ಭಾರತದಲ್ಲಿ ಮನೆಗೆ ವಿಮೆ ಮಾಡಿಸಿದರೆ ನೆರೆಯೂ ಅದರೊಳಗೇ ಬರುತ್ತದೆ. 2021ರ ಏಪ್ರಿಲ್‌ನಿಂದ ಚಾಲ್ತಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ದಲ್ಲಿ ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ ಎಲ್ಲಕ್ಕೂ ಒಂದೇ ಪಾಲಿಸಿ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿನ ಹೋಮ್‌ಓನರ್ಸ್ ಪಾಲಿಸಿ ಒಳಗಿನ ಪೈಪು ಒಡೆದರೆ ದುಡ್ಡು ಕೊಡುತ್ತದೆ, ಗಾಳಿಗೆ ಚಾವಣಿ ಕಿತ್ತು ಮಳೆ ನುಗ್ಗಿದರೂ ಕೊಡುತ್ತದೆ. ನೆಲದ ಮೇಲೆ ಹರಿದು ಬಂದ ನೀರು ಹೊಸ್ತಿಲು ದಾಟಿತೋ, ಕೈ ಎತ್ತಿಬಿಡುತ್ತದೆ. ನೆರೆಗೆ ಬೇರೆಯದೇ ಪಾಲಿಸಿ ಮಾಡಿಸಬೇಕು. ನಗರದ ಬೆಲೆಗೆ ಬೇಸತ್ತು ಹಳ್ಳಿ ಕೌಂಟಿಗಳಲ್ಲಿ ಐದೋ ಹತ್ತೋ ಎಕರೆ ಜಾಗ, ಪಕ್ಕದಲ್ಲೊಂದು ಹಳ್ಳ, ನಾಲ್ಕು ಹಸು ಕಟ್ಟುವಷ್ಟು ಕೊಟ್ಟಿಗೆ ನೋಡುತ್ತಿರುವ ಕನ್ನಡಿಗರು ಈ ವಿಷಯವನ್ನು ಮುಂಗಡ ಕೊಡುವ ಮೊದಲೇ ತಿಳಿದಿರಬೇಕು. ಅದಕ್ಕಾಗಿ ಈ ಬರಹ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಫ್ಲಾರಿಡಾದಲ್ಲಿ ದಡ ಮುಟ್ಟಿ, ನೂರಾರು ಮೈಲಿ ಒಳನಾಡಿಗೆ ಬಂದು ನಾರ್ತ್ ಕ್ಯಾರೊಲಿನಾದ ಪಶ್ಚಿಮದ ಬೆಟ್ಟಗಳ ಮೇಲೆ ಸುರಿಯಿತು. ಯಾನ್ಸಿ ಕೌಂಟಿಯ ಬ್ಯೂಸಿಕ್ ಎಂಬಲ್ಲಿ ಮೂರು ದಿನಗಳಲ್ಲಿ ಬಿದ್ದದ್ದು 30.78 ಇಂಚು, ಅಂದರೆ ಸುಮಾರು 780 ಮಿಲಿಮೀಟರ್. ಕಡಲಿನಿಂದ ಅಷ್ಟು ದೂರದ ಆ ಕೌಂಟಿಗಳಲ್ಲಿ ನೆರೆ ವಿಮೆ ಇದ್ದ ಮನೆ ನೂರಕ್ಕೆ ಒಂದರ ಆಸುಪಾಸು. ಅದಕ್ಕೆ ಎರಡು ವರ್ಷ ಮೊದಲು, 2022ರ ಜುಲೈನಲ್ಲಿ, ಪೂರ್ವ ಕೆಂಟಕಿಯಲ್ಲೂ ಹೀಗೇ ಆಗಿತ್ತು. ಟ್ರಬಲ್‌ಸಮ್ ಕ್ರೀಕ್‌ನಂಥ ಹಳ್ಳಗಳು ರಾತ್ರೋರಾತ್ರಿ ಉಕ್ಕಿ ಕಣಿವೆಯ ಮನೆಗಳನ್ನು ಎತ್ತಿಕೊಂಡು ಹೋದವು. ಆ ಜನ ಅಜಾಗರೂಕರಾಗಿರಲಿಲ್ಲ. ಎಷ್ಟೋ ಮನೆಗಳು ಸರ್ಕಾರಿ ನಕ್ಷೆಯಲ್ಲಿ ನೆರೆ ವಲಯದ ಹೊರಗಿದ್ದವು, ಬ್ಯಾಂಕು ವಿಮೆ ಕೇಳಿರಲಿಲ್ಲ. ಬ್ಯಾಂಕು ಕೇಳಲಿಲ್ಲವೆಂದರೆ ಅಪಾಯವಿಲ್ಲ ಎಂದು ಯಾರಾದರೂ ತಿಳಿಯುತ್ತಾರೆ.

ನಕ್ಷೆಯನ್ನು ಹೇಗೆ ಓದಬೇಕು

ನೆರೆಯ ನಕ್ಷೆಗಳನ್ನು ತಯಾರಿಸುವುದು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ. ‘ಫ್ಲಡ್ ಮ್ಯಾಪ್ ಸರ್ವಿಸ್ ಸೆಂಟರ್’ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ‘ಎ’ ಅಕ್ಷರದಿಂದ ಶುರುವಾಗುವ ವಲಯಗಳು, ಕಡಲಂಚಿನಲ್ಲಾದರೆ ‘ವಿ’ ವಲಯಗಳು, ಹೆಚ್ಚಿನ ಅಪಾಯದವು. ಅಲ್ಲಿ ಯಾವುದೇ ಒಂದು ವರ್ಷದಲ್ಲಿ ನೆರೆ ಬರುವ ಸಾಧ್ಯತೆ ಕನಿಷ್ಠ ಶೇ 1. ಜನ ಇದನ್ನೇ ನೂರು ವರ್ಷಕ್ಕೊಮ್ಮೆ ಬರುವ ನೆರೆ ಅನ್ನುತ್ತಾರೆ. ಆ ಮಾತು ಕೇಳಿ ನೆಮ್ಮದಿಯಾಗಿರಬೇಡಿ: 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇ 26. ‘ಎಕ್ಸ್’ ವಲಯಕ್ಕೆ ಮಧ್ಯಮ ಅಥವಾ ಕಡಿಮೆ ಅಪಾಯವೆಂಬ ಹೆಸರು. ಆದರೂ 2014ರಿಂದ 2018ರವರೆಗೆ ಬಂದ ಕ್ಲೇಮುಗಳಲ್ಲಿ ಶೇ 40ಕ್ಕೂ ಹೆಚ್ಚು ಹೆಚ್ಚಿನ ಅಪಾಯದ ವಲಯದ ಹೊರಗಿನವು ಎಂದು ಫೀಮಾವೇ ಹೇಳುತ್ತದೆ.

ಹಳ್ಳಿ ಕೌಂಟಿಗಳಲ್ಲಿ ಈ ನಕ್ಷೆಯ ಬಲವೇ ಕಡಿಮೆ. ‘ಎಇ’ ವಲಯವಿದ್ದರೆ ಅಲ್ಲಿ ಹೊಳೆಯ ಅಡ್ಡಕೊಯ್ತ ಅಳೆದು, ಲೆಕ್ಕ ಕಟ್ಟಿ, ಶೇ 1ರ ನೆರೆಯ ನೀರು ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರಕ್ಕೆ ಏರುತ್ತದೆಂದು ಬರೆದಿರುತ್ತಾರೆ. ಆ ಎತ್ತರಕ್ಕೆ ಬೇಸ್ ಫ್ಲಡ್ ಎಲಿವೇಶನ್, ಚಿಕ್ಕದಾಗಿ ಬಿಎಫ್‌ಇ, ಅನ್ನುತ್ತಾರೆ. ಬರೀ ‘ಎ’ ಎಂದಿದ್ದರೆ ಅಂಥ ಅಳತೆ ನಡೆದಿಲ್ಲ, ಗೆರೆ ಎಳೆದದ್ದು ಅಂದಾಜಿನಲ್ಲಿ. ವಿವರವಾದ ಸಮೀಕ್ಷೆ ದುಬಾರಿ ಕೆಲಸ, ಆ ದುಡ್ಡು ಮನೆಗಳು ಹೆಚ್ಚಿರುವ ಕಡೆಗೆ ಹೋಗುತ್ತದೆ. ಇನ್ನು ಒಂದು ಚದರ ಮೈಲಿಗಿಂತ ಚಿಕ್ಕ ಜಲಾನಯನದ ತೊರೆಗಳು ಬಹಳಷ್ಟು ಕಡೆ ನೆರೆ ವಲಯವಾಗಿ ಗುರುತಾಗುವುದೇ ಇಲ್ಲ. ನಕ್ಷೆಯ ಟಿಪ್ಪಣಿಯಲ್ಲೇ ಅಂಥವನ್ನು ‘ಎಕ್ಸ್’ಗೆ ಸೇರಿಸಿದ್ದಾರೆ. ನಿಮ್ಮ ಹಿತ್ತಲಿನ ಹಳ್ಳ ಅಂಥದ್ದೇ ಆಗಿದ್ದರೆ, ಅದರ ಬಗ್ಗೆ ನಕ್ಷೆ ಏನನ್ನೂ ಹೇಳುತ್ತಿಲ್ಲ ಎಂದೇ ತಿಳಿಯಿರಿ.

ವಿಳಾಸ ಹಾಕಿ ಹುಡುಕುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಳ್ಳಿ ರಸ್ತೆಯ ಮನೆಗಳು ಗೇಟಿನಿಂದ ಕಾಲು ಮೈಲಿ ಒಳಗಿರಬಹುದು. ತಾಣದ ಗುರುತು ಮಾತ್ರ ರಸ್ತೆಯಂಚಿನ ಅಂಚೆ ಡಬ್ಬಿಯ ಹತ್ತಿರ ಬಿದ್ದಿರುತ್ತದೆ. ರಸ್ತೆ ದಿಣ್ಣೆಯ ಮೇಲೆ, ಮನೆ ಹಳ್ಳದ ಬದಿಗೆ. ಆದ್ದರಿಂದ ವಿಳಾಸ ಬಿಟ್ಟು ಮನೆಯ ಅಕ್ಷಾಂಶ, ರೇಖಾಂಶ ಹಾಕಿ ಹುಡುಕಿ. ಸಿಕ್ಕ ಹಾಳೆಯನ್ನು ಇಳಿಸಿಕೊಂಡು ಅದು ಜಾರಿಗೆ ಬಂದ ದಿನಾಂಕ ನೋಡಿ. ಎತ್ತರಗಳನ್ನು ಯಾವ ಮೂಲಮಟ್ಟದಿಂದ ಅಳೆದಿದ್ದಾರೆ ಎಂಬುದನ್ನೂ ನೋಡಿ: ಹಳೆಯ ಹಾಳೆಗಳಲ್ಲಿ 1929ರದ್ದು, ಹೊಸವುಗಳಲ್ಲಿ 1988ರದ್ದು ಇರುತ್ತದೆ. ಸರ್ವೆಯರ್ ಕೊಟ್ಟ ಎತ್ತರವನ್ನು ಬೇರೆ ಮೂಲಮಟ್ಟದ ನಕ್ಷೆಗೆ ಹೋಲಿಸಿದರೆ ಕೆಲವು ಕಡೆ ಅಡಿಗಟ್ಟಲೆ ವ್ಯತ್ಯಾಸ ಬರುತ್ತದೆ, ಒಣಗಿರಬೇಕಾದ ಮನೆ ಮುಳುಗಿದಂತೆಯೂ ಮುಳುಗುವ ಮನೆ ಒಣಗಿದಂತೆಯೂ ಕಾಣುತ್ತದೆ.

ನಕ್ಷೆ ಬಿಟ್ಟು ನೆಲ ನೋಡಿ

ಹಳ್ಳಿಗಾಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು, ಅತಿ ಕಡಿಮೆ ಜನ ನೋಡುವುದು ಮಣ್ಣಿನ ನಕ್ಷೆ. ಕೃಷಿ ಇಲಾಖೆಯ ‘ವೆಬ್ ಸಾಯಿಲ್ ಸರ್ವೆ’ಯಲ್ಲಿ ನಿಮ್ಮ ಜಾಗದ ಸುತ್ತ ಗೆರೆ ಎಳೆದು, ಮಣ್ಣಿನ ಗುಣಗಳ ಪಟ್ಟಿಯಲ್ಲಿ ನೀರಿಗೆ ಸಂಬಂಧಿಸಿದ ಭಾಗ ತೆರೆದು, ನೆರೆಯ ಆವರ್ತನ ಕೇಳಿ. ಇಲ್ಲವೇ ಇಲ್ಲ, ಅಪರೂಪ, ಆಗಾಗ, ಪದೇ ಪದೇ ಎಂಬಂಥ ದರ್ಜೆ ಸಿಗುತ್ತದೆ. ಮೆಕ್ಕಲು ಮಣ್ಣು ಇದೆಯೆಂದರೆ ಅದನ್ನು ಹೊತ್ತು ತಂದದ್ದು ನೀರೇ. ಫೀಮಾ ನಕ್ಷೆ ನೆರೆ ವಲಯ ತೋರಿಸದೆ ಬಿಳಿಯಾಗಿದ್ದು ಮಣ್ಣಿನ ನಕ್ಷೆ ‘ಆಗಾಗ’ ಅಂದರೆ ನಾವು ಮಣ್ಣನ್ನೇ ನಂಬುತ್ತೇವೆ.

ಭೂವಿಜ್ಞಾನ ಇಲಾಖೆಯ ‘ಸ್ಟ್ರೀಮ್‌ಸ್ಟ್ಯಾಟ್ಸ್’ನಲ್ಲಿ ಹಳ್ಳದ ಮೇಲೆ ಒಂದು ಚುಕ್ಕೆ ಇಟ್ಟರೆ ಅಲ್ಲಿಗೆ ಎಷ್ಟು ಚದರ ಮೈಲಿಯ ನೀರು ಬಂದು ಸೇರುತ್ತದೆಂದು ಹೇಳುತ್ತದೆ. ಬಹುತೇಕ ರಾಜ್ಯಗಳಲ್ಲಿ ದೊಡ್ಡ ನೆರೆಯ ಹರಿವಿನ ಅಂದಾಜನ್ನೂ ಕೊಡುತ್ತದೆ. ಮೇಲುಗಡೆ ಕೆರೆ, ಕಟ್ಟೆ ಇವೆಯೇ ಎಂದು ಅಣೆಕಟ್ಟುಗಳ ರಾಷ್ಟ್ರೀಯ ದಾಖಲೆಯಲ್ಲಿ ನೋಡಿ. ಅಲ್ಲಿ ‘ಹೈ ಹಜಾರ್ಡ್’ ಎಂದಿದ್ದರೆ ಕಟ್ಟೆ ಶಿಥಿಲವಾಗಿದೆ ಎಂದು ಗಾಬರಿಯಾಗಬೇಡಿ. ಅದು ಒಡೆದರೆ ಕೆಳಗೆ ಜೀವಹಾನಿ ಆಗುವ ಸಂಭವವಿದೆ ಎಂಬುದಷ್ಟೇ ಅರ್ಥ. ಆದರೆ ಆ ‘ಕೆಳಗೆ’ ಅನ್ನುವುದು ನಿಮ್ಮ ಮನೆಯೇ ಇರಬಹುದು.

ಜಾಗಕ್ಕೆ ಹೋದಾಗ ಮೋರಿಗಳನ್ನು ನೋಡಿ. ಹಳ್ಳ ದಾಟುವ ಡ್ರೈವ್‌ವೇ ಕೆಳಗೆ ಒಂದು ಪೈಪು ಹಾಕಿರುತ್ತಾರೆ. ಅದೇ ಹಳ್ಳದ ಮೇಲೆ ಹತ್ತಿರದ ಕೌಂಟಿ ರಸ್ತೆಗೆ ಹಾಕಿರುವ ಪೈಪಿನ ಅಗಲ ಎಷ್ಟು, ನಿಮ್ಮದೆಷ್ಟು? ವ್ಯಾಸ ಅರ್ಧವಾದರೆ ನೀರು ಹಾಯುವ ಜಾಗ ಕಾಲು ಭಾಗಕ್ಕಿಳಿಯುತ್ತದೆ. ಅದಕ್ಕೆ ಒಂದು ಮರದ ದಿಮ್ಮಿ, ಎರಡು ಹುಲ್ಲಿನ ಕಟ್ಟು ಅಡ್ಡ ಬಿದ್ದರೆ ಡ್ರೈವ್‌ವೇಯೇ ಒಡ್ಡಾಗಿ, ಅದರ ಮೇಲುಗಡೆ ಇರುವ ಮನೆಗೆ ನೀರು ತಿರುಗುತ್ತದೆ. ಹಳ್ಳಿಯ ಮನೆಗಳಿಗೆ ನೀರು ಹೊಕ್ಕುವ ದಾರಿಗಳಲ್ಲಿ ಇದೂ ಒಂದು, ಯಾವ ನಕ್ಷೆಯೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಲಿ ತಂತಿಗೆ ಒಣಹುಲ್ಲು, ಕಸ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ, ಮರಗಳ ಬುಡದಲ್ಲಿ ಹೊಸ ಮರಳು ಕೂತಿದೆಯೇ, ಮನೆಯ ನೆಲದಡಿ ತೆವಳಿ ಹೋಗುವಷ್ಟೇ ಎತ್ತರವಿರುವ ಕ್ರಾಲ್ ಸ್ಪೇಸಿನ ಗೋಡೆಯಲ್ಲಿ ಕೆಸರಿನ ಗೆರೆ ಇದೆಯೇ ಎಂದೂ ನೋಡಿ. ಮನೆ ದಿಣ್ಣೆಯ ಮೇಲಿದ್ದರೂ ರಸ್ತೆ ಹಳ್ಳ ದಾಟುವ ಜಾಗ ತಗ್ಗಿನಲ್ಲಿದ್ದರೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಹರಿಯುವ ನೀರು 12 ಇಂಚಿದ್ದರೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ಹೆಚ್ಚಿನ ಗಾಡಿಗಳೆಲ್ಲ ಕೊಚ್ಚಿಕೊಂಡು ಹೋಗುತ್ತವೆ.

ಕೌಂಟಿ ಕಚೇರಿಯಲ್ಲಿ, ಮಾರುವವರ ಹತ್ತಿರ ಕೇಳಬೇಕಾದ್ದು

ಬಹುತೇಕ ಕೌಂಟಿಗಳಲ್ಲಿ ನೆರೆ ವಲಯದ ನಿಯಮ ನೋಡಿಕೊಳ್ಳುವ ಫ್ಲಡ್‌ಪ್ಲೇನ್ ಅಡ್ಮಿನಿಸ್ಟ್ರೇಟರ್ ಎಂಬ ಹೊಣೆ ಒಬ್ಬರ ಮೇಲಿರುತ್ತದೆ. ಸಣ್ಣ ಕೌಂಟಿಯಲ್ಲಿ ಕಟ್ಟಡ ಪರಿಶೀಲನೆಗೋ ತುರ್ತು ಸೇವೆಗೋ ಇರುವವರೇ ಅದನ್ನೂ ನೋಡುತ್ತಾರೆ. ಮೊದಲ ಪ್ರಶ್ನೆ: ಕೌಂಟಿ ರಾಷ್ಟ್ರೀಯ ನೆರೆ ವಿಮಾ ಯೋಜನೆಗೆ ಸೇರಿದೆಯೇ? 1968ರಲ್ಲಿ ಶುರುವಾದ ಈ ಯೋಜನೆಯಲ್ಲಿ ಈಗ 22,000ಕ್ಕೂ ಹೆಚ್ಚು ಊರು, ಕೌಂಟಿಗಳಿವೆ. ಸೇರದ ಕಡೆ ಸರ್ಕಾರಿ ನೆರೆ ಪಾಲಿಸಿ ಸಿಗುವುದಿಲ್ಲ. ಆಮೇಲೆ, ಈ ಮನೆಯ ಎತ್ತರ ಅಳೆದು ಸರ್ವೆಯರ್ ಬರೆದುಕೊಟ್ಟ ಎಲಿವೇಶನ್ ಸರ್ಟಿಫಿಕೇಟ್ ಕಡತದಲ್ಲಿದೆಯೇ ಎಂದು ಕೇಳಿ. ಇದ್ದರೆ ಸರ್ವೆಯ ಖರ್ಚು ಉಳಿಯಿತು. ಮನೆಗೆ ಹಿಂದೆ ಎಂದಾದರೂ ‘ಸಬ್‌ಸ್ಟಾನ್ಶಿಯಲ್ ಡ್ಯಾಮೇಜ್’ ಎಂದು ಬರೆದಿದ್ದಾರೆಯೇ? ರಿಪೇರಿ ಖರ್ಚು ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ, ನೆರೆ ವಲಯದಲ್ಲಿ ಆ ಮನೆಯನ್ನು ಇಂದಿನ ನಿಯಮಕ್ಕೆ ತಕ್ಕಂತೆ, ಬಹುತೇಕ ಮೇಲಕ್ಕೆತ್ತಿಯೇ ಕಟ್ಟಬೇಕು. ಈ ಬೆಲೆ ಜಾಗದ್ದಲ್ಲ, ಕಟ್ಟಡದ್ದು ಮಾತ್ರ. ಹಳ್ಳಿಯ ಹಳೆ ಮನೆಯ ಬೆಲೆ 90,000 ಡಾಲರ್ ಅಂದುಕೊಂಡರೆ 45,000ದ ರಿಪೇರಿಗೇ ಆ ಗೆರೆ ಮುಟ್ಟಿತು. ಎರಡು ಅಡಿ ನೀರು ನಿಂತ ಮನೆಗೆ ಅಷ್ಟು ಖರ್ಚು ದೊಡ್ಡದಲ್ಲ.

ಕೊಟ್ಟಿಗೆ ಕಟ್ಟುವ ಆಸೆಯಿದ್ದವರಿಗೆ ಇನ್ನೊಂದು ಮಾತು. ಕೃಷಿ ಕಟ್ಟಡಕ್ಕೆ ಬಿಲ್ಡಿಂಗ್ ಪರ್ಮಿಟ್ ಬೇಡ ಅನ್ನುವ ಕೌಂಟಿಗಳುಂಟು. ಆದರೆ ನೆರೆ ವಲಯದಲ್ಲಿ ಕೊಟ್ಟಿಗೆ ಎಬ್ಬಿಸಲಿಕ್ಕೂ ಮಣ್ಣು ತುಂಬಿಸಲಿಕ್ಕೂ ಫ್ಲಡ್‌ಪ್ಲೇನ್ ಪರ್ಮಿಟ್ ಬೇಕೇ ಬೇಕು.

ಮನೆಯ ಹಿಂದಿನ ನೆರೆ ಕ್ಲೇಮುಗಳ ಚರಿತ್ರೆಯನ್ನು ಫೀಮಾ ಮಾಲೀಕರಿಗೆ ಮಾತ್ರ ಕೊಡುತ್ತದೆ, ಕೊಳ್ಳುವವರಿಗೆ ಕೊಡುವುದಿಲ್ಲ. ಆದ್ದರಿಂದ ಮಾರುವವರೇ ತರಿಸಿಕೊಡಲಿ ಎಂದು ಖರೀದಿ ಕರಾರಿನಲ್ಲಿ ಬರೆಸಿ. ನೆರೆ ಬಂದಾಗ ಹಿಂದಿನ ಮಾಲೀಕರು ಕೇಂದ್ರದ ನೆರವು ಪಡೆದಿದ್ದರೆ, ಆ ಮನೆಗೆ ನೆರೆ ವಿಮೆ ಇಟ್ಟುಕೊಂಡೇ ಇರಬೇಕೆಂಬ ಷರತ್ತು ಇರಬಹುದು. ಅದು ಮನೆಯ ಜೊತೆಗೇ ನಿಮಗೂ ಬರುತ್ತದೆ, ಮಾರುವವರು ಬರಹದಲ್ಲಿ ತಿಳಿಸಬೇಕು. ವಿಮೆ ಬಿಟ್ಟ ಮೇಲೆ ನೆರೆ ಬಂದರೆ ಆ ನೆರವು ಮತ್ತೆ ಸಿಗುವುದಿಲ್ಲ. ಮಾರುವವರ ಹತ್ತಿರ ಈಗಾಗಲೇ ಸರ್ಕಾರಿ ನೆರೆ ಪಾಲಿಸಿಯಿದ್ದರೆ ಅದನ್ನು ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ. 2021ರ ಅಕ್ಟೋಬರ್‌ನಿಂದ ಹೊಸ ಪಾಲಿಸಿಗಳಿಗೆ, 2022ರ ಏಪ್ರಿಲ್‌ನಿಂದ ಹಳೆಯವುಗಳಿಗೆ ಹೊಸ ದರ ಪದ್ಧತಿ ಬಂತು. ಹಳೆ ಪಾಲಿಸಿಯ ಪ್ರೀಮಿಯಂ ಹೆಚ್ಚಿನ ಮನೆಗಳಿಗೆ ವರ್ಷಕ್ಕೆ ಶೇ 18ಕ್ಕಿಂತ ಹೆಚ್ಚು ಏರುವಂತಿಲ್ಲ. ವರ್ಗ ಮಾಡಿಸಿಕೊಂಡರೆ ಆ ಕಡಿಮೆ ದರದಿಂದಲೇ ನೀವೂ ಮೆಲ್ಲಗೆ ಏರುತ್ತೀರಿ, ಹೊಸದಾಗಿ ತೆಗೆದರೆ ಮೊದಲ ದಿನವೇ ಪೂರ್ತಿ ದರ.

ಪಾಲಿಸಿಯಲ್ಲಿ ಏನಿದೆ, ಏನಿಲ್ಲ

ವಾಸದ ಮನೆಗೆ ಕಟ್ಟಡಕ್ಕೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್, ಇದು ಸರ್ಕಾರಿ ಪಾಲಿಸಿಯ ಗರಿಷ್ಠ. ಎರಡೂ ಬೇರೆ ಬೇರೆ ಕವರ್. ಸಾಮಾನಿನದನ್ನು ಕೇಳಿ ತೆಗೆದುಕೊಳ್ಳದಿದ್ದರೆ ಇರುವುದಿಲ್ಲ. ಬ್ಯಾಂಕಿಗೆ ಬೇಕಾದದ್ದು ಕಟ್ಟಡದ್ದು, ಹೀಗಾಗಿ ಸೋಫಾ, ಹಾಸಿಗೆ, ಬಟ್ಟೆಬರೆಗೆ ಏನೂ ಇಲ್ಲದೆ ಉಳಿಯುವವರು ಬಹಳ. ನಷ್ಟದಲ್ಲಿ ನೀವೇ ಹೊರಬೇಕಾದ ಪಾಲು, ಅಂದರೆ ಡಿಡಕ್ಟಿಬಲ್ ಕೂಡ ಎರಡಕ್ಕೂ ಪ್ರತ್ಯೇಕ: 2,000 ಡಾಲರ್ ಆರಿಸಿದರೆ ಕಟ್ಟಡದ ಕ್ಲೇಮಿನಿಂದ 2,000, ಸಾಮಾನಿನ ಕ್ಲೇಮಿನಿಂದ ಮತ್ತೆ 2,000 ಕಡಿಯುತ್ತಾರೆ. ಸಾಮಾನಿಗೆ ಸವಕಳಿ ಕಳೆದು ಕೊಡುತ್ತಾರೆ. ಕಟ್ಟಡಕ್ಕೆ ಹೊಸದಾಗಿ ಕಟ್ಟುವ ಖರ್ಚು ಸಿಗಬೇಕಾದರೆ ಅದು ನೀವೇ ವಾಸಿಸುವ ಮನೆಯಾಗಿರಬೇಕು, ಜೊತೆಗೆ ಪುನರ್ನಿರ್ಮಾಣ ಖರ್ಚಿನ ಶೇ 80ಕ್ಕಾದರೂ ಅಥವಾ ಯೋಜನೆಯ ಗರಿಷ್ಠ ಮೊತ್ತಕ್ಕೆ ವಿಮೆ ಇರಬೇಕು. ಒಡವೆ, ಕಲಾಕೃತಿ, ಸಂಗ್ರಹದ ವಸ್ತು ಎಲ್ಲ ಸೇರಿ ಒಂದು ನೆರೆಗೆ 2,500 ಡಾಲರ್ ಅಷ್ಟೇ. ನಗದು, ನಾಣ್ಯ, ಚಿನ್ನದ ಗಟ್ಟಿಗೆ ಏನೂ ಇಲ್ಲ. ಮಗಳ ಮದುವೆಗೆಂದು ಕೊಂಡ ಬಂಗಾರವನ್ನು ಮನೆಯಲ್ಲಿಡಬೇಡಿ.

ಹಳ್ಳಿ ಮನೆಯವರಿಗೆ ದೊಡ್ಡ ಹೊಡೆತ ಬೀಳುವುದು ಮುಂದಿನ ಪಟ್ಟಿಯಲ್ಲಿ. ಬಾವಿ, ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್, ಬೇಲಿ, ತಡೆಗೋಡೆ, ಡ್ರೈವ್‌ವೇ, ಹಳ್ಳ ದಾಟುವ ಸ್ವಂತ ಸೇತುವೆ, ಬೆಳೆ, ಮರಗಿಡ, ದನಕರು, ಕಾರು, ಕೊಚ್ಚಿಹೋದ ಜಮೀನು, ಇವು ಯಾವುವಕ್ಕೂ ನೆರೆ ಪಾಲಿಸಿ ಕೊಡುವುದಿಲ್ಲ. ಮನೆ ರಿಪೇರಿಯಾಗುವ ತನಕದ ಬಾಡಿಗೆ, ಹೋಟೆಲ್ ಖರ್ಚನ್ನೂ ಕೊಡುವುದಿಲ್ಲ. ಹೆಲೀನ್ ನಂತರ ಬೆಟ್ಟದ ಊರುಗಳಲ್ಲಿ ಮನೆ ನಿಂತಿದ್ದರೂ ಸೇತುವೆ ಹೋಗಿ ತಲುಪಲಾರದೆ ಉಳಿದವರಿದ್ದರು. ಬಾವಿ, ಸೆಪ್ಟಿಕ್, ಸೇತುವೆ ಇಷ್ಟನ್ನು ಮತ್ತೆ ಮಾಡಿಸಲು ಎಷ್ಟಾಗುತ್ತದೆಂದು ಊರಿನ ಕಂಟ್ರಾಕ್ಟರ್ ಹತ್ತಿರ ಒಂದು ಅಂದಾಜು ಬರೆಸಿಕೊಂಡು, ಆ ಮೊತ್ತ ಉಳಿತಾಯದಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ಬುದ್ಧಿವಂತಿಕೆ.

ಬೇರೆಯಾಗಿ ನಿಂತ ಗ್ಯಾರೇಜಿಗೆ ಕಟ್ಟಡದ ಮೊತ್ತದ ಶೇ 10ರವರೆಗೆ ಬಳಸಬಹುದು. ಆದರೆ ಅದನ್ನು ವಾಸಕ್ಕೋ ವ್ಯಾಪಾರಕ್ಕೋ ಕೃಷಿಗೋ ಬಳಸುತ್ತಿದ್ದರೆ ಅದೂ ಇಲ್ಲ. ಕೊಟ್ಟಿಗೆಗೆ ಅದರದೇ ಪಾಲಿಸಿ ತೆಗೆಯಬೇಕು. ವಾಸಕ್ಕಲ್ಲದ ಕಟ್ಟಡಕ್ಕೆ ಗರಿಷ್ಠ 5,00,000 ಡಾಲರ್. ಮೊಬೈಲ್ ಹೋಮ್‌ಗೂ ವಿಮೆ ಸಿಗುತ್ತದೆ, ಭದ್ರ ಅಡಿಪಾಯದ ಮೇಲಿರಬೇಕು, ಹೆಚ್ಚಿನ ಅಪಾಯದ ವಲಯದಲ್ಲಾದರೆ ನೆಲಕ್ಕೆ ಬಿಗಿದಿರಬೇಕು.

ಬೇಸ್‌ಮೆಂಟ್ ಎಂದರೆ ನಾಲ್ಕೂ ಕಡೆಯಿಂದ ನೆಲಮಟ್ಟಕ್ಕಿಂತ ಕೆಳಗಿರುವ ಅಂತಸ್ತು. ಅಲ್ಲಿ ಬಾಯ್ಲರ್, ವಾಟರ್ ಹೀಟರ್, ವಿದ್ಯುತ್ ಪ್ಯಾನೆಲ್, ಬಾವಿಯ ಪಂಪು, ಸಂಪ್ ಪಂಪ್, ಮೆಟ್ಟಿಲು, ಅಡಿಪಾಯ ಇಂಥವಕ್ಕೆ ಕೊಡುತ್ತಾರೆ. ಸಾಮಾನಿನ ಕವರ್ ಇದ್ದರೆ ವಾಷರ್, ಡ್ರೈಯರ್, ಫ್ರೀಜರಿಗೂ ಉಂಟು. ಕಾರ್ಪೆಟ್ಟು, ಬಣ್ಣ, ಟಿವಿ, ಮಂಚಕ್ಕೆ ಇಲ್ಲ.

ಇಳಿಜಾರಿನ ಮನೆಗಳಲ್ಲಿ ಇನ್ನೊಂದು ಜಗಳ. ನೀರಿನ ಜೊತೆ ತೆಳ್ಳಗೆ ಹರಿದು ಬಂದ ಕೆಸರು ನೆರೆಯ ಲೆಕ್ಕಕ್ಕೆ ಸೇರುತ್ತದೆ. ನೆನೆದ ಗುಡ್ಡ ಹಾಗೇ ಜಾರಿ ಮನೆಗೆ ಬಡಿದರೆ ಅದು ಭೂಕುಸಿತ, ಆಗ ದುಡ್ಡಿಲ್ಲ. ಇನ್ನು ‘ನೆರೆ’ ಎನ್ನಿಸಿಕೊಳ್ಳಲು ಸಾಮಾನ್ಯವಾಗಿ ಒಣಗಿರುವ ಕನಿಷ್ಠ ಎರಡು ಎಕರೆಯಾದರೂ ಮುಳುಗಿರಬೇಕು, ಇಲ್ಲವೇ ನಿಮ್ಮದೂ ಸೇರಿ ಎರಡು ಆಸ್ತಿಗಳಿಗೆ ನೀರು ಬಂದಿರಬೇಕು. ಅಕ್ಕಪಕ್ಕ ಯಾರೂ ಇಲ್ಲದ ಹಳ್ಳಿ ಮನೆಗೆ ಈ ಎರಡು ಎಕರೆಯ ಮಾತೇ ಆಧಾರ. ನೀರು ನಿಂತಿರುವಾಗಲೇ ಹೊಲ, ಹಿತ್ತಿಲಿನ ಫೋಟೊ ತೆಗೆದಿಡಿ.

ಪಾಲಿಸಿ ಕೊಂಡ ದಿನದಿಂದ 30 ದಿನ ಕಾಯಬೇಕು. ಟಿವಿಯಲ್ಲಿ ಚಂಡಮಾರುತ ತೋರಿಸಿದ ಮೇಲೆ ಏಜೆಂಟರಿಗೆ ಫೋನ್ ಮಾಡಿ ಫಲವಿಲ್ಲ. ಮನೆ ಸಾಲದ ಜೊತೆಗೇ, ಸಾಲಕ್ಕಾಗಿಯೇ ತೆಗೆದರೆ ಕಾಯುವಿಕೆ ಇಲ್ಲ, ಆದ್ದರಿಂದ ಸಾಲದ ಕಾಗದಗಳಿಗೆ ಸಹಿ ಹಾಕುವ ದಿನವೇ ಮುಗಿಸಿಬಿಡಿ. ‘ಎಕ್ಸ್’ ವಲಯದಲ್ಲೂ ಇದನ್ನೇ ಮಾಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ವಿಮೆಯಿಲ್ಲದವರಿಗೆ ಸರ್ಕಾರ ಕಟ್ಟಿಕೊಡುತ್ತದೆಂದು ನಂಬಬೇಡಿ: ಹೆಲೀನ್ ಬಂದ ವರ್ಷ ಫೀಮಾದ ವಸತಿ ನೆರವಿನ ಗರಿಷ್ಠ ಮಿತಿ 42,500 ಡಾಲರ್ ಇತ್ತು, ಮಿತಿ ಮುಟ್ಟುವವರು ಕಡಿಮೆ. ಉಳಿದದ್ದಕ್ಕೆ ಸಣ್ಣ ಉದ್ದಿಮೆ ಇಲಾಖೆಯ ವಿಪತ್ತು ಸಾಲವಿದೆ, ಅದು ಸಾಲವೇ, ತೀರಿಸಬೇಕು.

ಪ್ರೀಮಿಯಂ ಇಳಿಸುವ ದಾರಿ

ಹೊಸ ಪದ್ಧತಿಯಲ್ಲಿ ದರಕ್ಕೆ ವಲಯದ ಅಕ್ಷರ ಮುಖ್ಯವಲ್ಲ. ನೀರಿನಿಂದ ದೂರ, ನೆಲದ ಎತ್ತರ, ಮೊದಲ ಅಂತಸ್ತಿನ ಎತ್ತರ, ಅಡಿಪಾಯದ ಬಗೆ, ಮತ್ತೆ ಕಟ್ಟುವ ಖರ್ಚು ಇವುಗಳಿಂದ ಲೆಕ್ಕ ಹಾಕುತ್ತಾರೆ. ಎಲಿವೇಶನ್ ಸರ್ಟಿಫಿಕೇಟ್ ಕಡ್ಡಾಯವಲ್ಲ, ಇದ್ದರೆ ಏಜೆಂಟರಿಗೆ ಕೊಟ್ಟು ನೋಡಿ: ಅದರಿಂದ ದರ ಇಳಿದರೆ ಅದನ್ನು ಬಳಸುತ್ತಾರೆ. ಕ್ರಾಲ್ ಸ್ಪೇಸ್ ಇರುವ ಮನೆಗೆ ನೀರು ಹಾಯುವ ಕಿಂಡಿಗಳಿರಬೇಕು. ಪ್ರತಿ ಚದರ ಅಡಿ ಜಾಗಕ್ಕೆ ಒಂದು ಚದರ ಇಂಚು ಕಿಂಡಿ, ಕನಿಷ್ಠ ಎರಡು ಬೇರೆ ಗೋಡೆಗಳಲ್ಲಿ, ಕಿಂಡಿಯ ಕೆಳ ಅಂಚು ನೆಲದಿಂದ ಒಂದು ಅಡಿಯೊಳಗೆ. 1,200 ಚದರ ಅಡಿಗೆ 1,200 ಚದರ ಇಂಚು ಬೇಕು, ಅಥವಾ ತಲಾ 200 ಚದರ ಅಡಿಗೆ ಪ್ರಮಾಣಿತವಾದ ಫ್ಲಡ್ ವೆಂಟ್ ಆರು. ಮಾಮೂಲಿ ಗಾಳಿ ಕಿಂಡಿಯನ್ನು ಎಣಿಸುವಾಗ ಪಟ್ಟಿ, ಜಾಲರಿ ಕಳೆದು ಉಳಿದ ಜಾಗವನ್ನಷ್ಟೇ ಎಣಿಸಿ. ಚಳಿಗಾಲಕ್ಕೆಂದು ಮುಚ್ಚಿಬಿಡುವ ಕಿಂಡಿ ಲೆಕ್ಕಕ್ಕೇ ಬರುವುದಿಲ್ಲ. ಕಿಂಡಿ ಇಲ್ಲದಿದ್ದರೆ ಹೊರಗಿನ ನೀರಿನ ಒತ್ತಡಕ್ಕೆ ಅಡಿಪಾಯದ ಗೋಡೆಯೇ ಒಳಗೆ ಕುಸಿಯುತ್ತದೆ. ನೀರಿನ ಹೀಟರ್, ಏಸಿ, ಫರ್ನೇಸ್ ಎಲ್ಲವನ್ನೂ ಮೊದಲ ಅಂತಸ್ತಿಗಿಂತ ಮೇಲಕ್ಕೆ ಏರಿಸಿದರೆ ಅದಕ್ಕೂ ರಿಯಾಯಿತಿ ಇದೆ.

ಊರೇ ಒಟ್ಟಾಗಿ ನೆರೆ ತಡೆಗೆ ಕೆಲಸ ಮಾಡಿದರೆ ಎಲ್ಲರ ಪ್ರೀಮಿಯಂನಲ್ಲೂ ಶೇ 5ರಿಂದ 45ರವರೆಗೆ ಕಡಿತ ಕೊಡುವ ವ್ಯವಸ್ಥೆಯಿದೆ. ಸೇರಿರುವುದು ಸುಮಾರು 1,500 ಊರು, ಕೌಂಟಿಗಳು ಮಾತ್ರ. ಕಡತ ನೋಡಿಕೊಳ್ಳುವ ಸಿಬ್ಬಂದಿ ಹಳ್ಳಿ ಕೌಂಟಿಗೆ ಎಲ್ಲಿಂದ ಬರಬೇಕು.

ಮನೆ ನಿಜವಾಗಿ ಎತ್ತರದಲ್ಲಿದ್ದು ನಕ್ಷೆಯಲ್ಲಿ ‘ಎ’ ಒಳಗೆ ಸಿಕ್ಕಿದ್ದರೆ ನಕ್ಷೆ ತಿದ್ದುಪಡಿಗೆ ಫೀಮಾ ಕೊಡುವ ಪತ್ರಕ್ಕೆ, ಅಂದರೆ ಲೋಮಾಕ್ಕೆ, ಅರ್ಜಿ ಹಾಕಬಹುದು. ಗೋಡೆಗೆ, ಜೋಡಿಸಿದ ಡೆಕ್ಕಿಗೆ ತಾಗಿದ ಅತ್ಯಂತ ತಗ್ಗಿನ ನೆಲ ಬಿಎಫ್‌ಇಗೆ ಸಮ ಅಥವಾ ಮೇಲಿರಬೇಕು. ಒಂದೇ ಮನೆಯಾದರೆ ಎಂಟಿ-ಈಝಡ್ ಫಾರ್ಮ್, ಸರ್ವೆಯರ್ ಸಹಿ ಸಾಕು, ಫೀಮಾಗೆ ಶುಲ್ಕವಿಲ್ಲ. ಸಿಕ್ಕಿದರೆ ಸಾಲಕ್ಕೆ ನೆರೆ ವಿಮೆ ಇರಲೇಬೇಕೆಂಬ ಕಡ್ಡಾಯ ಹೋಗುತ್ತದೆ, ಪಾಲಿಸಿಯನ್ನು ಮಾತ್ರ ಬಿಡಬೇಡಿ.

ನೀರು ಬಂದ ಮೇಲೆ

ನೆರೆ ಬರುತ್ತಿದೆ ಎಂದಾಗ ಮರಳಿನ ಚೀಲ, ಪಂಪು, ಪ್ಲಾಸ್ಟಿಕ್ ಹಾಳೆಗೆ ಮಾಡಿದ ಖರ್ಚಿನಲ್ಲಿ 1,000 ಡಾಲರ್‌ವರೆಗೆ, ಸಾಮಾನು ಸಾಗಿಸಿದ್ದಕ್ಕೆ ಇನ್ನೊಂದು 1,000ವರೆಗೆ ಪಾಲಿಸಿ ಕೊಡುತ್ತದೆ. ರಸೀದಿ ಇಟ್ಟುಕೊಳ್ಳಿ. ನೀರು ಇಳಿದೊಡನೆ ಕಂಪನಿಗೆ ತಿಳಿಸಿ, ಮುಂಗಡ ಕೇಳಿ: ನಷ್ಟ ಅಳೆಯಲು ಕಂಪನಿ ಕಳಿಸುವ ಅಡ್ಜಸ್ಟರ್ ಬರುವ ಮುಂಚೆಯೇ 5,000 ಡಾಲರ್‌ವರೆಗೆ, ಫೋಟೊ ಮತ್ತು ರಸೀದಿ ಕೊಟ್ಟರೆ 20,000ವರೆಗೆ ಸಿಗಬಹುದು. ಪ್ರತಿ ಕೋಣೆಯ ಗೋಡೆಯ ಮೇಲಿನ ನೀರಿನ ಗೆರೆಯನ್ನು ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ, ಯಂತ್ರಗಳ ಸೀರಿಯಲ್ ನಂಬರಿನದೂ ತೆಗೆಯಿರಿ. ಒದ್ದೆ ಕಾರ್ಪೆಟ್ಟು, ಗೋಡೆಯ ಹಲಗೆ ಹೊರಗೆಸೆಯುವ ಮೊದಲು ಒಂದೊಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಹಾಗೆಂದು ಅಡ್ಜಸ್ಟರಿಗಾಗಿ ಕಾಯುತ್ತ ಮನೆಯನ್ನು ಒದ್ದೆಯಾಗಿ ಬಿಡಬೇಡಿ: ತಡೆಯಬಹುದಾಗಿದ್ದ ಬೂಷ್ಟಿಗೆ ದುಡ್ಡು ಕೊಡುವುದಿಲ್ಲ.

ಅಡ್ಜಸ್ಟರ್ ನಿಮ್ಮ ಪರವಾಗಿ ಪ್ರೂಫ್ ಆಫ್ ಲಾಸ್, ಅಂದರೆ ಎಷ್ಟು ನಷ್ಟ ಕೇಳುತ್ತಿದ್ದೀರೆಂಬ ಹೇಳಿಕೆ, ತುಂಬಿಸಿ ಕೊಟ್ಟರೂ ಅದರ ಹೊಣೆ ನಿಮ್ಮದೇ. ನಷ್ಟವಾದ ದಿನದಿಂದ 60 ದಿನಗಳೊಳಗೆ ಪ್ರಮಾಣ ಮಾಡಿ ಸಹಿ ಹಾಕಿದ ಪ್ರತಿ ಕಂಪನಿಗೆ ತಲುಪಿರಬೇಕು. ದೊಡ್ಡ ವಿಪತ್ತಿನಲ್ಲಿ ಫೀಮಾ ಈ ಗಡುವನ್ನು ಮುಂದೂಡುವುದುಂಟು, ಮುಂದೂಡಿದ ಆದೇಶ ಕಣ್ಣಾರೆ ನೋಡುವ ತನಕ 60 ಎಂದೇ ಎಣಿಸಿ. ಕಂಪನಿ ಕ್ಲೇಮನ್ನು ಪೂರ್ತಿಯಾಗಿಯೋ ಭಾಗಶಃವೋ ಬರಹದಲ್ಲಿ ನಿರಾಕರಿಸಿದರೆ, ಆ ಪತ್ರದ ದಿನಾಂಕದಿಂದ 60 ದಿನದೊಳಗೆ ಫೀಮಾಗೆ ಮೇಲ್ಮನವಿ ಹೋಗಬೇಕು. ಕೋರ್ಟಿಗೆ ಹೋಗಲು ಮೊದಲ ನಿರಾಕರಣೆಯಿಂದ ಒಂದು ವರ್ಷ, ಮೇಲ್ಮನವಿ ನಡೆಯುತ್ತಿದ್ದರೂ ಆ ಗಡಿಯಾರ ನಿಲ್ಲುವುದಿಲ್ಲ.